ಬಳ್ಳಾರಿ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆ ಮತ್ತು ವ್ಯಕ್ತಿತ್ವದ ಅಸ್ವಸ್ಥತೆ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂದೊಡನೆ ವಿಜಯನಗರದ ಅರಸರು, ದೇವಾಲಯಗಳು, ಕಾಲುವೆಗಳು, ಕಂಪಿಲರಾಯ ಮತ್ತು ಕುಮಾರರಾಮನ ಕಥನಗಳು ನೆನಪಿಗೆ ಬರುವುದು ಸಹಜ. ಈ ಪ್ರದೇಶವನ್ನು ಕುರಿತ ಚಾರಿತ್ರಿಕ ಅಧ್ಯಯನಗಳ ಬಹುಭಾಗ ಅರಮನೆ, ಶಾಸನ, ಶಿಲ್ಪ ಮತ್ತು ನೀರಾವರಿಗಳಿಗೆ ಮೀಸಲಾಗಿದೆ. ಆದರೆ ಇದೇ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಇನ್ನೊಂದು ಪ್ರಯೋಗವು ಇಡೀ ದೇಶದ ಆರೋಗ್ಯ ನೀತಿಯನ್ನು ರೂಪಿಸಿತು ಎಂಬುದು ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. 1985ರಲ್ಲಿ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯೇ ಆ ಪ್ರಯೋಗ. ‘ಬಳ್ಳಾರಿ ಮಾದರಿ’ ಎಂಬ ಹೆಸರಿನಿಂದ ಅದು ವೈದ್ಯಕೀಯ ವಲಯದಲ್ಲಿ ಪ್ರಸಿದ್ಧವಾಗಿದೆ.

ಈ ಯೋಜನೆ ಯಾರನ್ನು ತಲುಪಿತು ಎಂಬುದರ ಬಗ್ಗೆ ಸಾಕಷ್ಟು ಬರವಣಿಗೆ ನಡೆದಿದೆ. ಅದು ಯಾರನ್ನು ತಲುಪಲಿಲ್ಲ ಮತ್ತು ಏಕೆ ಎಂಬ ಪ್ರಶ್ನೆ ಪ್ರಸ್ತುತ ಲೇಖನದ ವಸ್ತು. ಇಲ್ಲಿ ವಿಶೇಷವಾಗಿ ಪರಿಶೀಲಿಸುವುದು ವ್ಯಕ್ತಿತ್ವದ ಅಸ್ವಸ್ಥತೆಯುಳ್ಳವರ ಸ್ಥಿತಿಯನ್ನು. ಇವರನ್ನು ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಗೆ ಕರೆತರುವುದು, ಬಂದವರನ್ನು ಉಳಿಸಿಕೊಳ್ಳುವುದು ಎಲ್ಲೆಡೆಯೂ ಕಠಿಣವೆಂದೇ ಪರಿಗಣಿತವಾಗಿದೆ. ಆದರೆ ಬಳ್ಳಾರಿ ಯೋಜನೆ ಅನ್ಯ ರೋಗಿಗಳಿಗಾಗಿ ರೂಢಿಸಿಕೊಂಡ ಕ್ರಮಗಳೇ ಇವರಿಗೂ ಬೇಕಾಗಿದ್ದ ಕ್ರಮಗಳೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಪದ ಮತ್ತು ಪರಿಕಲ್ಪನೆ

ಕನ್ನಡದ ಜನಪ್ರಿಯ ವೈದ್ಯಕೀಯ ಬರಹಗಳಲ್ಲಿ ‘ವ್ಯಕ್ತಿತ್ವ ದೋಷ’ ಎಂಬ ಪದ ಬಳಕೆಯಲ್ಲಿದೆ. ‘ದೋಷ’ ಎಂಬ ಮಾತಿನಲ್ಲಿ ಆರೋಪದ ಧ್ವನಿಯಿರುವುದರಿಂದ ಇಲ್ಲಿ ‘ವ್ಯಕ್ತಿತ್ವದ ಅಸ್ವಸ್ಥತೆ’ ಎಂಬ ಪದವನ್ನು ಬಳಸಲಾಗಿದೆ. ತನ್ನನ್ನು ತಾನು ಕಾಣುವ ಬಗೆ, ಇತರರೊಡನೆ ಸಂಬಂಧ ಉಳಿಸಿಕೊಳ್ಳುವ ಬಗೆ, ಭಾವಾವೇಶವನ್ನು ತಡೆದುಕೊಳ್ಳುವ ಶಕ್ತಿ ಇವು ದೀರ್ಘಕಾಲ ಏರುಪೇರಾಗಿ, ಅದರಿಂದ ವ್ಯಕ್ತಿಗೂ ಸುತ್ತಲಿನವರಿಗೂ ತೀವ್ರ ಸಂಕಟವಾಗುವ ಸ್ಥಿತಿಯಿದು. ಕೆಲವರಲ್ಲಿ ತೊರೆದುಹೋಗುವರೆಂಬ ಭಯ, ಸಿಡುಕು ಮತ್ತು ಸ್ವಹಾನಿ ಮುಖ್ಯವಾಗಿದ್ದರೆ, ಕೆಲವರಲ್ಲಿ ಅತಿಯಾದ ಶಂಕೆ, ಮತ್ತೆ ಕೆಲವರಲ್ಲಿ ಸಂಕೋಚ ಅಥವಾ ಇತರರ ನೋವಿನ ಬಗ್ಗೆ ನಿರ್ಲಕ್ಷ್ಯ ಪ್ರಧಾನವಾಗಿರುತ್ತದೆ.

ಈ ಪರಿಕಲ್ಪನೆಯ ಚರಿತ್ರೆ ತೀರ್ಪಿನ ಭಾಷೆಯಿಂದಲೇ ಆರಂಭವಾಗುತ್ತದೆ. 1835ರಲ್ಲಿ ಇಂಗ್ಲೆಂಡಿನ ಪ್ರಿಚರ್ಡ್ ಬುದ್ಧಿ ಸರಿಯಿದ್ದೂ ನಡತೆ ಕೆಟ್ಟವರನ್ನು ‘ನೈತಿಕ ಹುಚ್ಚು’ ಎಂಬ ವರ್ಗಕ್ಕೆ ಸೇರಿಸಿದನು. 1923ರಲ್ಲಿ ಜರ್ಮನಿಯ ಕುರ್ಟ್ ಶ್ನೈಡರ್, ತಾವೂ ನರಳಿ ಸಮಾಜವನ್ನೂ ನರಳಿಸುವವರು ಎಂಬ ಅರ್ಥದಲ್ಲಿ ಇವರನ್ನು ವಿವರಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ವರ್ಗೀಕರಣವು ಇವುಗಳಿಗೆ ಪ್ರತ್ಯೇಕ ಅಕ್ಷವನ್ನೇ ಕಲ್ಪಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣವು ಹಳೆಯ ಬಗೆಗಳ ಪಟ್ಟಿಯನ್ನು ಬಹುಮಟ್ಟಿಗೆ ಕೈಬಿಟ್ಟು ತೀವ್ರತೆಯನ್ನೇ ಮುಖ್ಯ ಅಳತೆಯಾಗಿ ಸ್ವೀಕರಿಸಿದೆ. ‘ಇವನು ಎಂಥವನು’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಇವನಿಗೆ ಎಷ್ಟು ಕಷ್ಟವಾಗುತ್ತಿದೆ’ ಎಂಬ ಪ್ರಶ್ನೆ ಬಂದುದು ಮಹತ್ವದ ಪಲ್ಲಟ.

ಈ ಸೀಮೆಯ ಆಡುಮಾತಿನಲ್ಲಿ ಇಂಥವರಿಗೆ ರೋಗದ ಹೆಸರಿಲ್ಲ, ನಡತೆಯ ಹೆಸರುಗಳಿವೆ: ಉಡಾಳ, ಮೊಂಡ, ಹಠಮಾರಿ, ಸಿಡುಕ. ಹೆಣ್ಣಾದರೆ ‘ಬಾಯಿಬಡುಕಿ’ ಅಥವಾ ‘ಗಾಳಿ ಸೋಕಿದವಳು’. ಹುಚ್ಚು ಎಂದರೆ ಮನೆಯವರು ಚಿಕಿತ್ಸೆಗೆ ಓಡಾಡುತ್ತಾರೆ. ಉಡಾಳತನ ಎಂದರೆ ಬೈಯುತ್ತಾರೆ, ಹೊಡೆಯುತ್ತಾರೆ, ಮದುವೆ ಮಾಡಿದರೆ ಸರಿಹೋದೀತೆಂದು ಭಾವಿಸುತ್ತಾರೆ. ಚಿಕಿತ್ಸೆಯಿಂದ ಇವರು ಹೊರಗುಳಿಯುವ ಪ್ರಕ್ರಿಯೆ ಆಸ್ಪತ್ರೆಯ ಬಾಗಿಲಿಗಿಂತ ಬಹಳ ಮುಂಚೆ, ಈ ಪದಗಳಲ್ಲಿಯೇ ಆರಂಭವಾಗಿರುತ್ತದೆ.

ಯೋಜನೆಗೆ ಮುಂಚಿನ ಪರಿಸ್ಥಿತಿ

ಬ್ರಿಟಿಷರ ಆಳ್ವಿಕೆಯಲ್ಲಿ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೊಸಪೇಟೆ, ಕಂಪ್ಲಿಗಳು ಈ ಜಿಲ್ಲೆಯ ಭಾಗವಾಗಿದ್ದರೆ ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು; 1949ರಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಮದರಾಸಿನ ಕೀಳ್ಪಾಕದಲ್ಲಿ 1871ರಿಂದ ನೆಲೆನಿಂತ ಹುಚ್ಚಾಸ್ಪತ್ರೆಯೇ ಪ್ರಾಂತದ ಪ್ರಧಾನ ಆಶ್ರಯ. 1912ರ ಭಾರತೀಯ ಉನ್ಮಾದ ಕಾಯಿದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶದ ಮೂಲಕ ರೋಗಿಯನ್ನು ಅಲ್ಲಿ ಸೇರಿಸಬೇಕಿತ್ತು. ತುಂಗಭದ್ರೆಯ ದಡದ ಒಂದು ಹಳ್ಳಿಯ ಬಡ ಕುಟುಂಬಕ್ಕೆ ಮದರಾಸು ಎಷ್ಟು ದೂರವೆಂದು ಬೇರೆ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮದರಾಸಿನ ಬದಲು ಬೆಂಗಳೂರು ಬಂದಿತು. ದೂರ ಮಾತ್ರ ಉಳಿಯಿತು. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಈ ದೂರವನ್ನು ಕಡಿಮೆಗೊಳಿಸುವ ಮೊದಲ ದೊಡ್ಡ ಹೆಜ್ಜೆಯೆನ್ನಬಹುದು.

ಹಾಗೆಂದು ಜನರು ಕೈಕಟ್ಟಿ ಕುಳಿತಿರಲಿಲ್ಲ. ಹರಕೆ, ಅಂತ್ರ, ತಾಯಿತ, ದರ್ಗಾದ ಸೇವೆ, ಹೊಳೆಯಾಚೆಯ ಹುಲಿಗೆಮ್ಮನ ಹುಣ್ಣಿಮೆ, ಇವೆಲ್ಲ ಸಂಕಟವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ದಾರಿಗಳೂ ಆಗಿದ್ದವು, ಇಂದಿಗೂ ಆಗಿವೆ. ಕರಾವಳಿಯ ಕೋಟ ಗ್ರಾಮದಲ್ಲಿ ಅಧ್ಯಯನ ನಡೆಸಿದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ತಮ್ಮ 1976ರ ಗ್ರಂಥದಲ್ಲಿ ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿಗೆ ಜನ ಹೋಗುವ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾರೆ. ಜನರು ಆಧುನಿಕ ವೈದ್ಯನನ್ನೂ ಪಾರಂಪರಿಕ ಚಿಕಿತ್ಸಕನನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸದೆ ಇಬ್ಬರ ಬಳಿಗೂ ಹೋಗುತ್ತಿದ್ದರು ಎಂಬುದು ಅವರ ಮುಖ್ಯ ಅವಲೋಕನ.

ಬೆಂಗಳೂರಿನಿಂದ ಬಳ್ಳಾರಿಗೆ

1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನೋವೈದ್ಯರ ಮತ್ತು ಚಿಕಿತ್ಸಾ ಮನೋವಿಜ್ಞಾನಿಗಳ ತರಬೇತಿ ಆರಂಭವಾಯಿತು. 1974ರಲ್ಲಿ ಸಂಸ್ಥೆ ಮತ್ತು ಆಸ್ಪತ್ರೆಗಳು ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. 1976ರಲ್ಲಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಆರಂಭವಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮನೋರೋಗಗಳನ್ನು ಗುರುತಿಸಲು ಕಲಿಸುವ ಪ್ರಯತ್ನ ನಡೆಯಿತು. ಇದೇ ಕಾಲದಲ್ಲಿ ಚಂಡೀಗಢದ ಸಂಸ್ಥೆಯು ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸುತ್ತಿತ್ತು. ಈ ಅನುಭವಗಳ ಬಲದಿಂದ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕೃತವಾಯಿತು.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಧ್ಯವಾದುದು ಇಡೀ ಜಿಲ್ಲೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಆರಿಸಿಕೊಂಡದ್ದು ಬೆಂಗಳೂರಿನಿಂದ 300 ಕಿ.ಮೀ.ಗೂ ದೂರದ ಬಳ್ಳಾರಿ ಜಿಲ್ಲೆಯನ್ನು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರು ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದರು. ಯೋಜನೆಯ ರಚನೆ ಸರಳವಾಗಿತ್ತು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರನ್ನೊಳಗೊಂಡ ಒಂದು ತಂಡ. ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿ ತರಬೇತಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗ ಗುರುತಿಸುವ ಮತ್ತು ಅನುಸರಣೆಯ ಶಿಕ್ಷಣ. ಕೆಲವೇ ಅತ್ಯಗತ್ಯ ಔಷಧಿಗಳ ನಿರಂತರ ಪೂರೈಕೆ. ಸರಳ ದಾಖಲೆ ಮತ್ತು ಮಾಸಿಕ ವರದಿ. ಅಂದು ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲಿಯೇ ಇತ್ತು. ಸಂಡೂರು ಪ್ರತ್ಯೇಕ ತಾಲ್ಲೂಕು. ಈ ಸೀಮೆಯ ರೋಗಿಗೆ ಬೆಂಗಳೂರಿನ ಬದಲು ತನ್ನ ತಾಲ್ಲೂಕಿನಲ್ಲಿಯೇ ಮಾತ್ರೆ ಸಿಗುವಂತಾಗಬೇಕೆಂಬುದು ಯೋಜನೆಯ ಆಶಯವಾಗಿತ್ತು.

1985ರಿಂದ 1990ರವರೆಗಿನ ಈ ಪ್ರಯೋಗದ ಫಲವಾಗಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು 4 ಜಿಲ್ಲೆಗಳಲ್ಲಿ ಆರಂಭಿಸಿ, ಒಂಬತ್ತನೆಯ ಯೋಜನೆಯ ಅವಧಿಯಲ್ಲಿ 27 ಜಿಲ್ಲೆಗಳಿಗೆ ವಿಸ್ತರಿಸಿತು. ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿ ಅದು ಅಸ್ತಿತ್ವದಲ್ಲಿದೆ. ಒಂದು ಹಿಂದುಳಿದ ಸೀಮೆಯ ಹೆಸರು ರಾಷ್ಟ್ರೀಯ ನೀತಿಯೊಂದರ ಹೆಸರಾಗಿ ನಿಂತ ಅಪರೂಪದ ನಿದರ್ಶನವಿದು.

ಪಟ್ಟಿಯಿಂದ ಹೊರಗುಳಿದವರು

ಬಳ್ಳಾರಿ ಯೋಜನೆ ಆದ್ಯತೆ ನೀಡಿದ್ದು ತೀವ್ರ ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ ಮತ್ತು ಬುದ್ಧಿಮಾಂದ್ಯತೆಗಳಿಗೆ. ಈ ಆಯ್ಕೆಗೆ ಬಲವಾದ ಕಾರಣಗಳಿದ್ದವು. ಇವುಗಳನ್ನು ಅಲ್ಪ ತರಬೇತಿ ಪಡೆದವರೂ ಗುರುತಿಸಬಲ್ಲರು. ಬುದ್ಧಿಮಾಂದ್ಯತೆಯನ್ನು ಬಿಟ್ಟರೆ ಉಳಿದವುಗಳಿಗೆ ಅಗ್ಗದ ಔಷಧಿಗಳಿದ್ದವು. ಗುಣವಾದುದು ಊರಿನವರ ಕಣ್ಣಿಗೆ ಕಾಣುತ್ತಿತ್ತು. ಕೈಯಲ್ಲಿದ್ದ ಅಲ್ಪ ಸಂಪನ್ಮೂಲದಿಂದ ಅತಿ ಹೆಚ್ಚು ಜನರಿಗೆ ಉಪಕಾರವಾಗಬೇಕೆಂಬ ವಿವೇಕ ಅದರ ಹಿಂದಿತ್ತು.

ವ್ಯಕ್ತಿತ್ವದ ಅಸ್ವಸ್ಥತೆ ಈ ಮೂರೂ ಅಳತೆಗಳಿಗೆ ಹೊಂದುವುದಿಲ್ಲ. ಒಂದೇ ಭೇಟಿಯಲ್ಲಿ ಅದನ್ನು ನಿರ್ಧರಿಸಲಾಗದು. ಅದನ್ನೇ ಗುಣಪಡಿಸುವ ಮಾತ್ರೆಯಿಲ್ಲ. ಸುಧಾರಣೆ ತಿಂಗಳುಗಳಲ್ಲ, ವರ್ಷಗಳ ಮಾತು. ಮಾಸಿಕ ವರದಿಯ ಕಾಲಂಗಳಲ್ಲಿ ದಾಖಲಾದವರು, ಔಷಧಿ ಪಡೆದವರು, ಸುಧಾರಿಸಿದವರು ಎಂದು ಲೆಕ್ಕವಿಡುವ ವ್ಯವಸ್ಥೆಗೆ ಈ ರೋಗಿ ಕಾಣಿಸುವುದೇ ಇಲ್ಲ. ವಿಷ ಕುಡಿದು ಬಂದಾಗ ತುರ್ತು ಚಿಕಿತ್ಸಾ ಘಟಕದ ಪುಸ್ತಕದಲ್ಲಿ, ಜಗಳವಾಡಿ ಸಿಕ್ಕಾಗ ಪೊಲೀಸ್ ಠಾಣೆಯ ಪುಸ್ತಕದಲ್ಲಿ, ಕುಡಿತದಿಂದ ಕಂಗೆಟ್ಟಾಗ ಸಾಮಾನ್ಯ ವಾರ್ಡಿನ ಪುಸ್ತಕದಲ್ಲಿ ಅವನ ಹೆಸರಿರುತ್ತದೆ. ಮಾನಸಿಕ ಆರೋಗ್ಯದ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

ಕಾಲಕ್ರಮದಲ್ಲಿ ಯೋಜನೆ ದೇಶದಾದ್ಯಂತ ಹಬ್ಬಿದಾಗ ಈ ಮಿತಿ ಇನ್ನಷ್ಟು ಗಟ್ಟಿಯಾಯಿತು. ಉತ್ತರ ಭಾರತದ ಒಂದು ಸಮುದಾಯ ಮನೋವೈದ್ಯಕೀಯ ಕಾರ್ಯಕ್ರಮವನ್ನು ಅಧ್ಯಯನ ಮಾಡಿದ ಸುಮೀತ್ ಜೈನ್ ಮತ್ತು ಸುಶ್ರುತ ಜಾಧವ್ 2009ರಲ್ಲಿ, ಜನರ ಸಹಭಾಗಿತ್ವದ ಮಾತನಾಡುವ ನೀತಿಯು ಕಾರ್ಯರೂಪದಲ್ಲಿ ಬರಿಯ ಮಾತ್ರೆಯ ವಿತರಣೆಯಾಗಿ ಕುಗ್ಗಿದುದನ್ನು ತೋರಿಸಿಕೊಟ್ಟರು. ಕಾನೂನಿನ ಭಾಷೆಯೂ ಇದಕ್ಕೆ ಹೊರತಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಮನೋರೋಗವನ್ನು ಆಲೋಚನೆ, ಭಾವಸ್ಥಿತಿ, ಗ್ರಹಿಕೆ, ದಿಕ್ಕರಿವು, ನೆನಪು ಇವುಗಳ ಗಣನೀಯ ಏರುಪೇರೆಂದು ನಿರೂಪಿಸುತ್ತದೆ. ವ್ಯಕ್ತಿತ್ವ ಎಂಬ ಪದ ಆ ನಿರೂಪಣೆಯಲ್ಲಿಲ್ಲ. ಆದರೆ ಅದೇ ಕಾಯಿದೆಯ 115ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆ ಮತ್ತು ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಶಿಕ್ಷೆಗೆ ಅಂಜಿ ಸುಳ್ಳು ಹೇಳಬೇಕಾಗಿದ್ದ ಕುಟುಂಬಗಳಿಗೆ ಇದು ಮಾತನಾಡುವ ಅವಕಾಶ ಕಲ್ಪಿಸಿತು.

ಮಾತಿನ ಚಿಕಿತ್ಸೆಯ ಚಿಂತನೆ

ಪಾಶ್ಚಾತ್ಯ ಮನೋಚಿಕಿತ್ಸೆ ನಮ್ಮ ಜನರಿಗೆ ಒಗ್ಗುತ್ತದೆಯೇ ಎಂಬ ಚರ್ಚೆ ಬೆಂಗಳೂರಿನಲ್ಲಿ ಬಹು ಮುಂಚೆಯೇ ನಡೆದಿತ್ತು. 1964ರಲ್ಲಿ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಮ್ ಪ್ರಕಟಿಸಿದ ಪ್ರಬಂಧ ಈ ದೃಷ್ಟಿಯಿಂದ ಉಲ್ಲೇಖನೀಯ. ಭಾರತೀಯ ರೋಗಿ ತನ್ನ ಒಳಮನಸ್ಸಿನ ವಿಶ್ಲೇಷಣೆಗಿಂತ ಸನ್ನಿವೇಶಕ್ಕೆ ನೇರವಾದ ಆಸರೆಯನ್ನು ಸುಲಭವಾಗಿ ಸ್ವೀಕರಿಸುತ್ತಾನೆ ಎಂಬುದು ಅವರ ಅನುಭವ. 1973ರಲ್ಲಿ ಜೆ.ಎಸ್. ನೇಕಿ ಗುರು–ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಪರಿಶೀಲಿಸಿದರು. ಕನ್ನಡದಲ್ಲಿ ವೈದ್ಯರೂ ಸಾಹಿತಿಗಳೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತುದು, ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಮಾತನಾಡಬಹುದೆಂಬುದಕ್ಕೆ ದೊರೆತ ಮನ್ನಣೆಯೂ ಹೌದು.

ಇತ್ತ ವ್ಯಕ್ತಿತ್ವದ ಅಸ್ವಸ್ಥತೆಗೆ ಚಿಕಿತ್ಸೆಯೇ ಇಲ್ಲವೆಂಬ ನಂಬಿಕೆ ಜಗತ್ತಿನಾದ್ಯಂತ ಬೇರೂರಿತ್ತು. ಅದು ಸಡಿಲವಾದುದು ಬಳ್ಳಾರಿ ಪ್ರಯೋಗ ಮುಗಿದ ಅನಂತರ. 1991ರಲ್ಲಿ ಅಮೆರಿಕದ ಮಾರ್ಷಾ ಲಿನೆಹನ್, ಪದೇಪದೇ ಸ್ವಹಾನಿ ಮಾಡಿಕೊಳ್ಳುತ್ತಿದ್ದ ಮಹಿಳೆಯರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿ ಹೆಚ್ಚಿನವರು ವರ್ಷಪೂರ್ತಿ ಉಳಿದರೆಂದು ತೋರಿಸಿದರು. 1999ರಲ್ಲಿ ಇಂಗ್ಲೆಂಡಿನ ಬೇಟ್‌ಮನ್ ಮತ್ತು ಫೊನಗಿ, ತನ್ನ ಮತ್ತು ಇತರರ ಮನಸ್ಸನ್ನು ಅರಿಯುವ ಸಾಮರ್ಥ್ಯವನ್ನು ಬೆಳೆಸುವ ಇನ್ನೊಂದು ಕ್ರಮದ ಫಲಿತಾಂಶವನ್ನು ಪ್ರಕಟಿಸಿದರು. 2003ರಲ್ಲಿ ಇಂಗ್ಲೆಂಡಿನ ಸರ್ಕಾರಿ ಮಾರ್ಗದರ್ಶಿಯೊಂದು, ಈ ರೋಗನಿರ್ಣಯವನ್ನು ಸೇವೆ ನಿರಾಕರಿಸುವ ನೆಪವಾಗಿಸಬಾರದೆಂದು ಸಾರಿತು. ಮೇರಿ ಜಾನರೀನಿ ಅವರ ತಂಡ 290 ರೋಗಿಗಳನ್ನು ದೀರ್ಘಕಾಲ ಅನುಸರಿಸಿ, ಬಹುತೇಕರ ಲಕ್ಷಣಗಳು ಕಾಲಕ್ರಮೇಣ ತಗ್ಗುತ್ತವೆಂದು ಸ್ಥಾಪಿಸಿತು.

ನಮ್ಮ ಸಂದರ್ಭಕ್ಕೆ ಎಲ್ಲಕ್ಕಿಂತ ಮುಖ್ಯವಾದುದು 2009ರ ಟೊರಾಂಟೊ ಅಧ್ಯಯನ. ಷೆಲ್ಲಿ ಮೆಕ್‌ಮೇನ್ ಮತ್ತು ಸಂಗಡಿಗರು 180 ರೋಗಿಗಳಲ್ಲಿ ಲಿನೆಹನ್ ಅವರ ವಿಶೇಷ ಚಿಕಿತ್ಸೆಯನ್ನೂ, ವ್ಯವಸ್ಥಿತವಾಗಿ ನಡೆಸಿದ ಸಾಮಾನ್ಯ ಮನೋವೈದ್ಯಕೀಯ ಆರೈಕೆಯನ್ನೂ ಹೋಲಿಸಿದರು. ಎರಡೂ ಗುಂಪುಗಳು ಸುಧಾರಿಸಿದವು. ಎರಡರ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅಂದರೆ ದುಬಾರಿಯಾದ ವಿಶೇಷ ವಿಧಾನವಿಲ್ಲದೆಯೂ, ನಿಯಮಿತವಾದ, ಒಪ್ಪಂದಬದ್ಧವಾದ, ತಾಳ್ಮೆಯ ಆರೈಕೆಯಿಂದ ಫಲ ಸಾಧ್ಯ.

ಸ್ಥಳೀಯ ಅನ್ವಯ

ಈ ಹಿನ್ನೆಲೆಯಲ್ಲಿ ಬಳ್ಳಾರಿ ಯೋಜನೆಯನ್ನು ಮರಳಿ ನೋಡಿದರೆ ಒಂದು ಸ್ವಾರಸ್ಯಕರ ಸಂಗತಿ ಗೋಚರಿಸುತ್ತದೆ. ಮೂರ್ಛೆರೋಗಿ ಮಾತ್ರೆಗೆ ಬಾರದಿದ್ದರೆ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸಬೇಕೆಂಬುದು ಆ ಯೋಜನೆಯ ಜೀವಾಳವಾಗಿತ್ತು. ‘ಏಕೆ ಬರಲಿಲ್ಲ’ ಎಂಬುದು ಅಲ್ಲಿ ಗದರಿಕೆಯಾಗಿರದೆ ಕರ್ತವ್ಯವಾಗಿತ್ತು. ವ್ಯಕ್ತಿತ್ವದ ಅಸ್ವಸ್ಥತೆಯುಳ್ಳವರ ವಿಷಯದಲ್ಲಿ ನಾವು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತೇವೆ. ಎರಡು ಸಲ ತಪ್ಪಿಸಿಕೊಂಡರೆ ಅವರಿಗೆ ಆಸಕ್ತಿಯಿಲ್ಲವೆಂದು ಹೆಸರು ತೆಗೆಯುತ್ತೇವೆ. ಬಿಟ್ಟುಹೋಗುವುದು ಅವರ ಅಸ್ವಸ್ಥತೆಯದೇ ಒಂದು ಲಕ್ಷಣ. ಮೂರ್ಛೆರೋಗಿಗೆ ಮೂರ್ಛೆ ಬಂದಿತೆಂದು ಚಿಕಿತ್ಸೆ ನಿಲ್ಲಿಸಿದಷ್ಟೇ ಇದು ಅಸಂಗತ.

ಉದಾಹರಣೆಗೆ, ಕಂಪ್ಲಿಯ ಕಡೆಯ ಗದ್ದೆ ಕೆಲಸದ ಒಬ್ಬ ತರುಣಿ ಮನೆಯ ಜಗಳದಲ್ಲಿ ಕೀಟನಾಶಕ ಕುಡಿದು ಬದುಕಿ ಉಳಿದಳೆಂದು ಭಾವಿಸೋಣ. ಅವಳ ಮುಂದೆ ರೋಗದ ಹೆಸರನ್ನಿಡುವುದರಿಂದ ಪ್ರಯೋಜನವಿಲ್ಲ. ಅವಳೇ ಹೇಳುವ ತೊಂದರೆ, ಅಂದರೆ ನಿದ್ರೆ ಬಾರದಿರುವುದು, ಗಂಡ ತೊರೆದಾನೆಂಬ ಭಯ, ಸಾಲ, ಇವುಗಳಿಂದ ಮಾತು ಆರಂಭವಾಗಬೇಕು. ಬರುವ ವಾರ ಇದೇ ದಿನ, ಇದೇ ಹೊತ್ತು, ಇದೇ ವ್ಯಕ್ತಿಯೊಡನೆ ಭೇಟಿಯೆಂದು ನಿಶ್ಚಯವಾಗಬೇಕು. ಮತ್ತೆ ಅಂಥ ಗಳಿಗೆ ಬಂದರೆ ಯಾರಿಗೆ ಹೇಳಬೇಕು, ಕೀಟನಾಶಕವನ್ನು ಎಲ್ಲಿಡಬೇಕು ಎಂಬುದು ಮನೆಯವರ ಸಮಕ್ಷಮದಲ್ಲಿ ತೀರ್ಮಾನವಾಗಬೇಕು. ಬಾರದಿದ್ದರೆ ಆಶಾ ಕಾರ್ಯಕರ್ತೆ ಬೇರಾವುದೋ ಕೆಲಸದ ನೆಪದಲ್ಲಿ ವಿಚಾರಿಸಿ, ಬೀದಿಯವರಿಗೆ ತಿಳಿಯದಂತೆ ಮತ್ತೆ ಕರೆಯಬೇಕು. ಅವಳು ಸಿಟ್ಟಿನಿಂದ ಮಾತನಾಡಿದರೆ ಅದನ್ನು ಅವಮಾನವೆಂದು ತಿಳಿಯದಂತೆ ಸಿಬ್ಬಂದಿಗೂ ಹಿರಿಯರ ಮಾರ್ಗದರ್ಶನ ಬೇಕು. ತಂಡದ ಎಲ್ಲರೂ ಒಂದೇ ಮಾತಾಡಬೇಕು. ಚಿಕಿತ್ಸೆ ಮುಗಿಸುವಾಗಲೂ ಥಟ್ಟನೆ ಕೈಬಿಡದೆ ಮುಂಚಿತವಾಗಿ ಹೇಳಿ ನಿಧಾನವಾಗಿ ಮುಗಿಸಬೇಕು.

ಪ್ರದೇಶದ ಸ್ವರೂಪವೂ ಇಲ್ಲಿ ಗಣನೆಗೆ ಬರಬೇಕು. ಸಂಡೂರು–ಹೊಸಪೇಟೆಯ ಗಣಿ ಸೀಮೆಯಲ್ಲಿ 2000ದ ದಶಕದ ಅದಿರಿನ ಭರಾಟೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದ ಮೇಲಿನ ನಿರುದ್ಯೋಗ, ಮತ್ತೆ ಕ್ರಮಬದ್ಧ ಆರಂಭ, ಹೀಗೆ ಒಂದೇ ತಲೆಮಾರು ಏರಿಳಿತಗಳನ್ನು ಕಂಡಿದೆ. ಪಾಳಿಯಲ್ಲಿ ದುಡಿಯುವವನಿಗೆ ಹಗಲಿನ ಹೊರರೋಗಿ ವಿಭಾಗ ಎಟುಕುವುದಿಲ್ಲ. ಹಂಪಿಯಂಥ ಯಾತ್ರಾಸ್ಥಳದಲ್ಲಿ ಊರು ಬಿಟ್ಟು ಬಂದವರಿಗೆ ಕರೆತರುವ ಕುಟುಂಬವೇ ಇರುವುದಿಲ್ಲ. ಎಲ್ಲರಿಗೂ ಒಂದೇ ದಾರಿಯೆಂಬುದು ಇಲ್ಲಿ ನಡೆಯದು.

2010ರ ದಶಕದಲ್ಲಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯಗಳು ಆರಂಭವಾದವು. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿ ಸೇವೆ ಲಭ್ಯವಿದೆ. ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯ ಜನರಿಗೇ ಆಪ್ತಸಲಹೆಯ ತರಬೇತಿ ನೀಡಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಿಶ್ಚಿತ ದಿನ, ಯಾವ ಹೊತ್ತಿನಲ್ಲಾದರೂ ಕೇಳುವ ಕಿವಿ, ಊರಿನ ಭಾಷೆ ಬಲ್ಲ ಸಲಹೆಗಾರ ಎಂಬ ಮೂರು ಅಂಶಗಳೂ ಬಿಡಿಬಿಡಿಯಾಗಿ ಈಗಾಗಲೇ ಇವೆ. ಇವುಗಳನ್ನು ಒಬ್ಬ ರೋಗಿಯ ಸುತ್ತ ಜೋಡಿಸುವ ಕೆಲಸ ಮಾತ್ರ ಉಳಿದಿದೆ.

ಉಪಸಂಹಾರ

2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದು ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಗಡಿಗಳು ಬದಲಾದರೂ ಪರಂಪರೆ ಎರಡಕ್ಕೂ ಸೇರಿದ್ದು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಬರಬೇಕೆಂಬ ಶತಮಾನದ ಪದ್ಧತಿಯನ್ನು ತಿರುವುಮುರುವು ಮಾಡಿದ್ದು ಬಳ್ಳಾರಿ ಮಾದರಿಯ ನಿಜವಾದ ಸಾಧನೆ. ಔಷಧಿಯ ಪಟ್ಟಿ ಅದರ ಹೊರರೂಪ. ಬಾರದವರ ಮನೆಗೆ ತಾನೇ ಹೋಗುವ ಶೀಲ ಅದರ ಒಳರೂಪ. ಹೊರರೂಪವನ್ನು ದೇಶ ಅನುಸರಿಸಿತು. ಒಳರೂಪವನ್ನು ಉಡಾಳ, ಹಠಮಾರಿ ಎಂದು ಕೈಬಿಡಲಾದವರವರೆಗೆ ಕೊಂಡೊಯ್ಯುವ ಕಾರ್ಯ ಬಾಕಿಯಿದೆ. ಆ ಪ್ರಯೋಗ ಆರಂಭವಾದ ನೆಲದಲ್ಲಿಯೇ ಅದು ಮುಂದುವರಿಯುವುದು ಉಚಿತ.